ರಿಲೀಸ್ ಮೆಡಿಕಲ್ ಬೋರ್ಡ್ ಎರಡೂ ಕಾಲಂನಲ್ಲಿ ‘ನೋ’ ಎಂದಿದೆ: ಮೂರು ವರ್ಷ ಕಳೆದ ಮೇಲೆ ಮೇಲ್ಮನವಿಗೆ ದಾರಿಯಿದೆಯೇ?

ಪ್ರಶ್ನೆ (ಹಾನಗಲ್ ತಾಲ್ಲೂಕು, ಹಾವೇರಿ ಜಿಲ್ಲೆ)

ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ಅಣ್ಣ 1998ರಲ್ಲಿ ಕಾಲಾಳು ಪಡೆಗೆ ಭರ್ತಿಯಾಗಿ, 24 ವರ್ಷದ ಅವಧಿ ಪೂರೈಸಿ, 2022ರ ಆಗಸ್ಟ್ ಕೊನೆಗೆ ಹವಾಲ್ದಾರ್ ಹುದ್ದೆಯಿಂದ ನಿವೃತ್ತರಾದರು. ಸರ್ವಿಸ್ ಪೆನ್ಶನ್ ಸ್ಪರ್ಶ್ (ರಕ್ಷಣಾ ಇಲಾಖೆಯ ಆನ್‌ಲೈನ್ ಪೆನ್ಶನ್ ವ್ಯವಸ್ಥೆ) ಮೂಲಕ ತಪ್ಪದೆ ಬರುತ್ತಿದೆ, ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಅಂಗವೈಕಲ್ಯ ಪೆನ್ಶನ್ನಿಗೆ ಸಂಬಂಧಿಸಿದ್ದು.

ನಿವೃತ್ತಿಗೆ ಮುನ್ನ ನಡೆದ ರಿಲೀಸ್ ಮೆಡಿಕಲ್ ಬೋರ್ಡ್ ಅವರಿಗೆ ಎರಡು ತೊಂದರೆಗಳಿವೆ ಎಂದು ನಮೂದಿಸಿದೆ. ಒಂದು ಪ್ರೈಮರಿ ಹೈಪರ್‌ಟೆನ್ಶನ್, ಶೇ. 30, ಇನ್ನೊಂದು ಎಡ ಮೊಣಕಾಲಿನ ಲಿಗಮೆಂಟ್ ಹರಿದದ್ದು, ಶೇ. 20. ಎರಡೂ ಜೀವಾವಧಿ, ಒಟ್ಟು ಶೇ. 44 (ಎರಡನೆಯದನ್ನು ಉಳಿದ ಶೇ. 70ರ ಮೇಲೆ ಲೆಕ್ಕ ಹಾಕಿ) ಎಂದು ಬರೆದಿದ್ದಾರೆ. ಆದರೆ ಸೇವೆಯಿಂದ ಉಂಟಾದದ್ದೇ ಎಂಬ ಕಾಲಂನಲ್ಲಿ ಎರಡಕ್ಕೂ ‘ನೋ’, ಸೇವೆಯಿಂದ ಉಲ್ಬಣಿಸಿದ್ದೇ ಎಂಬ ಕಾಲಂನಲ್ಲೂ ಎರಡಕ್ಕೂ ‘ನೋ’. ರಕ್ತದೊತ್ತಡಕ್ಕೆ ಕೊಟ್ಟ ಕಾರಣ ಒಂದೇ ಸಾಲು, ಶಾಂತಿ ನೆಲೆಯಲ್ಲಿ (ಕಾರ್ಯಾಚರಣೆಯಿಲ್ಲದ ಪೋಸ್ಟಿಂಗ್‌ನಲ್ಲಿ) ಆರಂಭವಾಗಿದೆ ಎಂದು. ಮೊಣಕಾಲಿನ ಎದುರಿಗೆ ‘ಇಂಜುರಿ ರಿಪೋರ್ಟ್ ಲಭ್ಯವಿಲ್ಲ’ ಎಂದು ಪೆನ್ನಿನಲ್ಲಿ ಬರೆದಿದ್ದಾರೆ. ಅದರ ಮೇಲೆಯೇ ಸೀಲು ಬಿದ್ದಿರುವುದರಿಂದ ಮುಂದಿನ ಎರಡು ಶಬ್ದಗಳನ್ನು ಓದಲು ಬರುವುದಿಲ್ಲ.

ಮೊಣಕಾಲಿಗೆ ಪೆಟ್ಟಾದದ್ದು 2011ರಲ್ಲಿ, ಯೂನಿಟ್ಟಿನ ಕಂಪನಿಗಳ ನಡುವೆ ನಡೆದ ವಾಲಿಬಾಲ್ ಪಂದ್ಯದಲ್ಲಿ. ಮಿಲಿಟರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಲೋ ಮೆಡಿಕಲ್ ಕೆಟಗರಿಯಲ್ಲಿಯೇ (ಪೂರ್ತಿ ಫಿಟ್ ಅಲ್ಲದವರ ದರ್ಜೆ) ಸೇವೆ ಮುಂದುವರಿಯಿತು. ಆಗ ಯೂನಿಟ್ಟಿನಲ್ಲಿ ಇಂಜುರಿ ರಿಪೋರ್ಟಿಗೆ ತಾವೇ ಸಹಿ ಹಾಕಿದ್ದನ್ನು ಅಣ್ಣ ಸ್ಪಷ್ಟವಾಗಿ ನೆನಪಿಸಿಕೊಳ್ಳುತ್ತಾರೆ. ರಕ್ತದೊತ್ತಡ ಪತ್ತೆಯಾದದ್ದು ಜಮ್ಮು-ಕಾಶ್ಮೀರದ ಪೋಸ್ಟಿಂಗ್ ಮುಗಿಸಿ ಶಾಂತಿ ನೆಲೆಗೆ ಬಂದ ಕೆಲವು ತಿಂಗಳಿಗೆ. ಈಗ ಅವರು ಮದುವೆ ಮನೆಯ ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣಲಾರರು, ಹೊಲದ ಬದುವು ಇಳಿಯುವಾಗ ಕೈ ಹಿಡಿಯಬೇಕಾಗುತ್ತದೆ.

2023ರ ಆರಂಭದಲ್ಲಿ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಕ್ಲೇಮು ತಿರಸ್ಕರಿಸಿದ ಪತ್ರ ಬಂದಿತು. ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು ಎಂದು ಅದರ ಕೊನೆಯಲ್ಲಿ ಇತ್ತು. ಪೆನ್ಶನ್ ಕೆಲಸ ಮಾಡಿಸಿಕೊಡುವ ಏಜೆಂಟರೊಬ್ಬರು, ಪೂರ್ತಿ ಅವಧಿ ಮುಗಿಸಿ ಬಂದವರಿಗೆ ಇದು ಸಿಗುವುದಿಲ್ಲ, ಬೋರ್ಡಿನ ಕಾಗದಕ್ಕೆ ಸಹಿ ಹಾಕಿದ ಮೇಲಂತೂ ಪ್ರಶ್ನಿಸಲು ಬರುವುದೇ ಇಲ್ಲ ಎಂದುಬಿಟ್ಟರು. ಅಲ್ಲಿಗೆ ಆ ಪತ್ರ ಟ್ರಂಕಿಗೆ ಸೇರಿತು. ಅವರ ಮಾತು ನಿಜವೇ? ಆರು ತಿಂಗಳ ಗಡುವು ಎಂದೋ ಮುಗಿದಿರುವಾಗ ಈಗ ಎಲ್ಲಿಂದ ಆರಂಭಿಸಬೇಕು? ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಹೊಸ ಸರ್ಟಿಫಿಕೇಟು ಮಾಡಿಸಿದರೆ ಉಪಯೋಗವಾಗುತ್ತದೆಯೇ?

ಉತ್ತರ 1 (ನಿವೃತ್ತ ಸುಬೇದಾರ್, ಧಾರವಾಡ)

ತಮ್ಮಾ, ಏಜೆಂಟರು ಹೇಳಿದ ಎರಡೂ ಮಾತು ಸುಳ್ಳು. ನಾನು ಸೇವೆಯ ಬಹುಪಾಲನ್ನು ಇಂಥ ಕಾಗದಗಳ ನಡುವೆಯೇ ಕಳೆದವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಧ್ಯದಲ್ಲಿಯೇ ಅನರ್ಹನೆಂದು ಮನೆಗೆ ಕಳಿಸಲ್ಪಟ್ಟವನಿಗೆ ಸರ್ವಿಸ್ ಎಲಿಮೆಂಟ್ (ಸೇವೆಗಾಗಿ ಕೊಡುವ ಭಾಗ), ಡಿಸೆಬಿಲಿಟಿ ಎಲಿಮೆಂಟ್ (ಅಂಗವೈಕಲ್ಯಕ್ಕಾಗಿ ಕೊಡುವ ಭಾಗ) ಎರಡೂ ಸೇರಿದ ಪೆನ್ಶನ್ ಇರುತ್ತದೆ. ನಿಮ್ಮ ಅಣ್ಣನಂತೆ ಲೋ ಮೆಡಿಕಲ್ ಕೆಟಗರಿಯಲ್ಲಿದ್ದುಕೊಂಡೇ ಅವಧಿ ಪೂರೈಸಿದವನಿಗೆ ಸರ್ವಿಸ್ ಪೆನ್ಶನ್ ಹೇಗಿದ್ದರೂ ಇದೆ. ಅದರ ಮೇಲೆ ಡಿಸೆಬಿಲಿಟಿ ಎಲಿಮೆಂಟ್ ಸೇರಬೇಕು. ಅದಕ್ಕೆ ಎರಡು ಷರತ್ತುಗಳು: ಅಂಗವೈಕಲ್ಯ ಶೇ. 20 ಅಥವಾ ಹೆಚ್ಚಿರಬೇಕು, ಮತ್ತು ಅದು ಸೇವೆಯಿಂದ ಉಂಟಾಗಿರಬೇಕು ಇಲ್ಲವೇ ಉಲ್ಬಣಿಸಿರಬೇಕು. ಮೊದಲನೆಯದನ್ನು ಬೋರ್ಡೇ ಒಪ್ಪಿದೆ. ನಿಮ್ಮ ಜಗಳವೇನಿದ್ದರೂ ಎರಡನೆಯದರ ಮೇಲೆ. ಸಹಿಯ ವಿಷಯಕ್ಕೆ ಬಂದರೆ, ತಪಾಸಣೆಗೆ ಹಾಜರಾಗಿದ್ದೆ, ಫಲಿತಾಂಶ ತಿಳಿಯಿತು ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಮೇಲ್ಮನವಿಯ ಹಕ್ಕನ್ನು ಅದು ಕಿತ್ತುಕೊಳ್ಳುವುದಿಲ್ಲ. ಹಾಗೆ ಕಿತ್ತುಕೊಳ್ಳುವಂತಿದ್ದರೆ ರೆಕಾರ್ಡ್ ಆಫೀಸು ಆರು ತಿಂಗಳ ಗಡುವನ್ನು ಪತ್ರದಲ್ಲಿ ಬರೆಯುತ್ತಲೇ ಇರಲಿಲ್ಲ.

ಈಗ ಲೆಕ್ಕ ನೋಡಿ, ಏಕೆಂದರೆ ಎಲ್ಲಿ ಶ್ರಮ ಹಾಕಬೇಕು ಎಂಬುದು ಲೆಕ್ಕದಿಂದಲೇ ತಿಳಿಯುತ್ತದೆ. ಶೇ. 100 ಅಂಗವೈಕಲ್ಯಕ್ಕೆ ಡಿಸೆಬಿಲಿಟಿ ಎಲಿಮೆಂಟ್ ಎಂದರೆ ಕೊನೆಯ ವೇತನದ ಶೇ. 30. ಮೂಲ ವೇತನ 42,800 ಮತ್ತು ಮಿಲಿಟರಿ ಸರ್ವಿಸ್ ಪೇ 5,200 ಸೇರಿ 48,000 ರೂಪಾಯಿ ಎಂದಿಟ್ಟುಕೊಂಡರೆ, ಶೇ. 100ಕ್ಕೆ 14,400, ಶೇ. 20ಕ್ಕೆ 2,880 ರೂಪಾಯಿ ಆಗುತ್ತದೆ. ಆದರೆ 2001ರ ಜನವರಿ 31ರ ರಕ್ಷಣಾ ಸಚಿವಾಲಯದ ಪತ್ರದಲ್ಲಿ ‘ಬ್ರಾಡ್ ಬ್ಯಾಂಡಿಂಗ್’ ಎಂಬ ಏರ್ಪಾಡು ಇದೆ: ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು ಶೇ. 50 ಎಂದೂ, 50ರಿಂದ 75ರವರೆಗಿನದನ್ನು ಶೇ. 75 ಎಂದೂ, ಅದಕ್ಕೂ ಮೇಲಿನದನ್ನು ಶೇ. 100 ಎಂದೂ ಪರಿಗಣಿಸಬೇಕು. ಅಂದರೆ ನಿಮ್ಮ ಅಣ್ಣನಿಗೆ ತಿಂಗಳಿಗೆ 7,200 ರೂಪಾಯಿ, ಮೇಲೆ ತುಟ್ಟಿ ಪರಿಹಾರ.

ಇಲ್ಲೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಎರಡೂ ತೊಂದರೆಗಳನ್ನು ಒಪ್ಪಿದರೆ ಶೇ. 44, ಅದು 50ಕ್ಕೆ ಏರುತ್ತದೆ. ಮೊಣಕಾಲೊಂದನ್ನೇ ಒಪ್ಪಿದರೂ ಶೇ. 20, ಅದೂ 50ಕ್ಕೇ ಏರುತ್ತದೆ. ಕೈಗೆ ಬರುವ ಹಣದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ರಕ್ತದೊತ್ತಡದ ಬಗ್ಗೆ ಪುಟಗಟ್ಟಲೆ ವಾದ ಬರೆಯುವ ಬದಲು ಮೊಣಕಾಲಿನ ಕಾಗದಗಳನ್ನು ಹುಡುಕಿರಿ ಎಂದು ನಾನು ಹೇಳುವುದು ಅದಕ್ಕೇ. ಯೂನಿಟ್ಟು ಏರ್ಪಡಿಸಿದ ಅಥವಾ ಅನುಮತಿಸಿದ ಆಟೋಟದಲ್ಲಿ ಭಾಗವಹಿಸುವುದು ಡ್ಯೂಟಿಯೇ ಎಂದು, ಈ ಪೆನ್ಶನ್ ಯಾರಿಗೆ ಸಲ್ಲುತ್ತದೆಂದು ತಿಳಿಸುವ ಎಂಟೈಟಲ್‌ಮೆಂಟ್ ರೂಲ್ಸ್ ಹೇಳುತ್ತವೆ. ಕಂಪನಿಗಳ ನಡುವಿನ ವಾಲಿಬಾಲ್ ಪಂದ್ಯ ಅದಕ್ಕಿಂತ ಬೇರೆ ಏನಾದೀತು? ಬೋರ್ಡು ಕೂಡ ಅದನ್ನು ಅಲ್ಲಗಳೆದಿಲ್ಲ. ಕಾಗದ ಸಿಗಲಿಲ್ಲ ಎಂದಷ್ಟೇ ಹೇಳಿದೆ.

ಆ ಕಾಗದದ ಹೆಸರು ಐ.ಎ.ಎಫ್.ವೈ.-2006. ಪೆಟ್ಟಾದಾಗ ಯೂನಿಟ್ಟು ತುಂಬುವ ಫಾರಂ ಇದು. ಘಟನೆಯ ದಿನಾಂಕ, ಸಾಕ್ಷಿ, ಡ್ಯೂಟಿಯ ಮೇಲಿದ್ದನೇ ಇಲ್ಲವೇ ಎಂಬ ಬಗ್ಗೆ ಕಮಾಂಡಿಂಗ್ ಆಫೀಸರರ ಅಭಿಪ್ರಾಯ ಎಲ್ಲವೂ ಅದರಲ್ಲಿರುತ್ತದೆ. ಅದರ ಪ್ರತಿ ರಿಲೀಸ್ ಬೋರ್ಡಿನ ಮುಂದೆ ಇಲ್ಲದಿದ್ದ ಮಾತ್ರಕ್ಕೆ ಎಲ್ಲಿಯೂ ಇಲ್ಲವೆಂದಲ್ಲ. 2011ರ ನಂತರ ಕೆಟಗರಿ ನಿಗದಿಗಾಗಿ ಪ್ರತಿ ಸಲ ಕೂತ ಮೆಡಿಕಲ್ ಬೋರ್ಡಿಗೆ ಎ.ಎಫ್.ಎಂ.ಎಸ್.ಎಫ್.-15 ಎಂಬ ಫಾರಂ ಇದೆ. ರಿಲೀಸ್ ಬೋರ್ಡಿನದು ಎ.ಎಫ್.ಎಂ.ಎಸ್.ಎಫ್.-16. ಹಳೆಯ 15ನೇ ಫಾರಂಗಳನ್ನು ತರಿಸಿ ಓದಿದರೆ, ‘ಇಂತಹ ದಿನಾಂಕದ ಇಂಜುರಿ ರಿಪೋರ್ಟಿನ ಪ್ರಕಾರ’ ಎಂಬ ಉಲ್ಲೇಖ ಅಲ್ಲಿ ಸಿಗುವ ಸಾಧ್ಯತೆ ಬಲವಾಗಿದೆ. ಗಾಯವನ್ನು ಆಗಿನ ವೈದ್ಯರು ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿದ್ದು, ಹನ್ನೊಂದು ವರ್ಷದ ನಂತರ ಬೇರೆಯವರು ಇಲ್ಲವೆಂದದ್ದು ಗೊತ್ತಾದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಆಪರೇಷನ್ನಿನ ಡಿಸ್ಚಾರ್ಜ್ ಸ್ಲಿಪ್ಪನ್ನೂ ಬಿಡಬೇಡಿ. ಪೆಟ್ಟು ಹೇಗಾಯಿತೆಂದು ಮೊದಲ ಸಾಲಿನಲ್ಲಿಯೇ ಬರೆದಿರುತ್ತಾರೆ.

ತರಿಸುವುದು ಹೇಗೆ ಎಂದರೆ, ಮಾಹಿತಿ ಹಕ್ಕು ಅರ್ಜಿ. ಅಣ್ಣನ ಹೆಸರಿನಲ್ಲಿಯೇ, ಅವರ ಸಹಿಯಲ್ಲಿಯೇ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್. ಬೇರೆಯಾದರೆ ಡಿಸ್ಚಾರ್ಜ್ ಪುಸ್ತಕದಲ್ಲಿ ವಿಳಾಸವಿದೆ. ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯಬೇಡಿ, ಮೇಲೆ ಹೇಳಿದ ಫಾರಂಗಳ ಸಂಖ್ಯೆಯನ್ನೇ ಹಾಕಿ ಒಂದೊಂದಾಗಿ ಕೇಳಿರಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿ ಬರೆಯಲು ಕಷ್ಟವಾದರೆ ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ ನೋಡಿರಿ. ಬಾಕಿ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡುವ ಏಜೆಂಟರನ್ನು ಮಾತ್ರ ಅಂಗಳದೊಳಗೆ ಬಿಟ್ಟುಕೊಳ್ಳಬೇಡಿ.

ಕಾಗದ ಕೈಗೆ ಬಂದ ಮೇಲೆ ಮೇಲ್ಮನವಿಗಾಗಿ ಮತ್ತೆ ವರ್ಷಗಟ್ಟಲೆ ಕಾಯದೆ ನೇರವಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾನೂನು ಬಲ್ಲವರು ತಿದ್ದಲಿ.

ಉತ್ತರ 2 (ವಕೀಲರು, ಹುಬ್ಬಳ್ಳಿ)

ಸುಬೇದಾರ್ ಸಾಹೇಬರು ಮೊಣಕಾಲಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಕೊನೆಯ ಮಾತಿಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ, 2007ರ 21ನೇ ಕಲಮಿನ ಪ್ರಕಾರ, ಇಲಾಖೆಯೊಳಗೆ ಇರುವ ಪರಿಹಾರಗಳನ್ನು ಬಳಸಿಕೊಂಡ ಮೇಲೆಯೇ ಸಾಮಾನ್ಯವಾಗಿ ಅರ್ಜಿಯನ್ನು ಸ್ವೀಕರಿಸಲಾಗುತ್ತದೆ. ಆ ‘ಸಾಮಾನ್ಯವಾಗಿ’ ಎಂಬಲ್ಲಿ ನ್ಯಾಯಮಂಡಳಿಗೆ ವಿವೇಚನೆಯಿದೆ ನಿಜ, ಆದರೆ ಅದನ್ನೇ ನಂಬಿ ಹೊರಡುವುದು ಬೇಡ. ಅದೇ ಕಲಮಿನಲ್ಲಿ ಇನ್ನೊಂದು ಅನುಕೂಲವಿದೆ: ಮೇಲ್ಮನವಿ ಸಲ್ಲಿಸಿ ಆರು ತಿಂಗಳು ಕಳೆದರೂ ಆದೇಶ ಬರದಿದ್ದರೆ, ಆ ಪರಿಹಾರವನ್ನು ಬಳಸಿ ಮುಗಿಸಿದಂತೆಯೇ ಲೆಕ್ಕ. ಆದ್ದರಿಂದ ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯದೆ, ವಿಳಂಬವನ್ನು ಮನ್ನಿಸಬೇಕೆಂಬ ಕೋರಿಕೆಯೊಡನೆ ಮೊದಲ ಮೇಲ್ಮನವಿಯನ್ನು ಈ ವಾರವೇ ರೆಕಾರ್ಡ್ ಆಫೀಸಿನ ಮೂಲಕ ಸಲ್ಲಿಸಿರಿ. ದಾಖಲೆಗಳು ಬಂದಂತೆ ಪೂರಕವಾಗಿ ಕಳಿಸಬಹುದು. ಮೊದಲ ಮೇಲ್ಮನವಿ ತಿರಸ್ಕೃತವಾದರೆ ಎರಡನೆಯದಕ್ಕೂ ಅವಕಾಶವಿದೆ, ಅದಕ್ಕೂ ಆರು ತಿಂಗಳು.

ಈ ಅವಸರಕ್ಕೆ ಕಾರಣ ಹಣದ್ದು. ಪೆನ್ಶನ್ ಪ್ರತಿ ತಿಂಗಳೂ ಸಿಗಬೇಕಾದದ್ದಾದ್ದರಿಂದ, ಅದನ್ನು ಕೊಡದಿರುವುದು ಪ್ರತಿ ತಿಂಗಳೂ ಮುಂದುವರಿಯುವ ತಪ್ಪು. ಹಾಗಾಗಿ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಸಾಯುವುದಿಲ್ಲ. ಆದರೆ ಸುಪ್ರೀಂ ಕೋರ್ಟು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, ಇಂಥಲ್ಲಿ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನಾಂಕದ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಬೇಕೆಂದು ಹೇಳಿದೆ. ನಿಮ್ಮ ಅಣ್ಣನ ನಿವೃತ್ತಿಯಾಗಿ ಮೂರು ವರ್ಷ ದಾಟಿರುವುದರಿಂದ, ಇನ್ನು ಮುಂದೆ ತಡ ಮಾಡುವ ಪ್ರತಿ ತಿಂಗಳಿಗೂ ಹಿಂದಿನ ಒಂದು ತಿಂಗಳ ಬಾಕಿ ಕೈತಪ್ಪುತ್ತಾ ಹೋಗುತ್ತದೆ.

ಬ್ರಾಡ್ ಬ್ಯಾಂಡಿಂಗ್ ವಿಷಯದಲ್ಲಿಯೂ ಒಂದು ಎಚ್ಚರಿಕೆ ಹೇಳಬೇಕು. ಅನರ್ಹರಾಗಿ ಹೊರಬಂದವರಿಗೆ ಮಾತ್ರ ಅದು ಅನ್ವಯವೆಂದು ಸರ್ಕಾರ ವಾದಿಸಿತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅವಧಿ ಪೂರೈಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆಂದು ತೀರ್ಮಾನಿಸಿತು. ಆದರೂ ಪ್ರಯೋಗದಲ್ಲಿ, ನಿವೃತ್ತರು ಶೇ. 20ರಿಂದ 50ಕ್ಕೆ ಏರಬೇಕಾದರೆ ಹೆಚ್ಚಿನ ಪ್ರಕರಣಗಳಲ್ಲಿ ನ್ಯಾಯಮಂಡಳಿಯ ಆದೇಶವೇ ಬೇಕಾಗುತ್ತದೆ. ಮೇಲ್ಮನವಿ ಫಲಿಸಿ ತಿಂಗಳಿಗೆ 2,880 ರೂಪಾಯಿಯ ಆದೇಶ ಬಂದರೆ ಅಲ್ಲಿಗೇ ನಿಲ್ಲಬೇಡಿರಿ. ಕರ್ನಾಟಕದ ಪ್ರಕರಣಗಳು ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಸೇರುತ್ತವೆ. ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠವಿರುವಾಗ ಕೊಚ್ಚಿಗೆ ಏಕೆ ಹೋಗಬೇಕೆಂದು ಹಲವರು ನನ್ನನ್ನು ಕೇಳಿದ್ದಾರೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ರಿಟ್ ಅರ್ಜಿಯ ದಾರಿ ಮುಚ್ಚಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆಯಾದರೂ, ಮೊದಲ ಮೆಟ್ಟಿಲು ನ್ಯಾಯಮಂಡಳಿಯೇ.

ರಕ್ತದೊತ್ತಡವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳಲಾರೆ, ಎರಡನೆಯ ವಾದವಾಗಿ ಇಟ್ಟುಕೊಳ್ಳಿರಿ. ಭರ್ತಿಯ ವೇಳೆಯ ದಾಖಲೆಯಲ್ಲಿ ರೋಗದ ಟಿಪ್ಪಣಿ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಇಲಾಖೆಯದ್ದು ಎಂದು 2013ರ ಧರ್ಮವೀರ್ ಸಿಂಗ್ ತೀರ್ಪು ಹೇಳಿತು. ಅದು 1982ರ ಎಂಟೈಟಲ್‌ಮೆಂಟ್ ನಿಯಮಗಳ ಮೇಲೆ ಬಂದ ತೀರ್ಪು. ನಿಮ್ಮ ಅಣ್ಣನಿಗೆ ಅನ್ವಯವಾಗುವ 2008ರ ನಿಯಮಗಳ ಮಾತು ಬೇರೆಯಾಗಿದೆ, ಆದ್ದರಿಂದ ಎದುರು ಪಕ್ಷದವರು ಅದನ್ನು ಎತ್ತಿಯೇ ಎತ್ತುತ್ತಾರೆ. ಅದಕ್ಕೆ ಉತ್ತರವಾಗಿ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಕೊಟ್ಟ ತೀರ್ಪು ಉಪಯೋಗಕ್ಕೆ ಬರುತ್ತದೆ: 2008ರ ನಿಯಮಗಳಡಿಯಲ್ಲಿಯೂ ವೈದ್ಯಕೀಯ ಮಂಡಳಿ ಕಾರಣಗಳನ್ನು ಕೊಡಲೇಬೇಕು, ಶಾಂತಿ ನೆಲೆಯಲ್ಲಿ ಆರಂಭವಾಯಿತು ಎಂದಷ್ಟೇ ಬರೆದರೆ ಸಾಲದು ಎಂದು ಅದು ಹೇಳಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂಡ, ಕಾರಣವಿಲ್ಲದ ಮಂಡಳಿಯ ಅಭಿಪ್ರಾಯದ ಆಧಾರದ ಮೇಲೆ ಪೆನ್ಶನ್ ನಿರಾಕರಿಸಲಾಗದೆಂದು ರಾಜುಮೋನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮ್ಮಲ್ಲಿರುವ ಆ ಒಂದು ಸಾಲಿನ ಕಾರಣ ಇಲ್ಲಿ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ.

ಉತ್ತರ 3 (ನಿವೃತ್ತ ವೈದ್ಯರು, ಗದಗ)

ಹೊಸ ಸರ್ಟಿಫಿಕೇಟಿನ ಪ್ರಶ್ನೆಗೆ ಯಾರೂ ಉತ್ತರಿಸದಿರುವುದರಿಂದ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಕಿಮ್ಸ್‌ನಲ್ಲಾಗಲಿ ಬೇರೆಲ್ಲಿಯಾಗಲಿ ಈಗ ಎಂ.ಆರ್.ಐ. ಮಾಡಿಸಿದರೆ ಮೊಣಕಾಲು ಇವತ್ತು ಹೇಗಿದೆ ಎಂಬುದು ತಿಳಿಯುತ್ತದೆ, 2011ರಲ್ಲಿ ಆ ಪೆಟ್ಟು ಎಲ್ಲಿ ಆಯಿತು ಎಂಬುದು ತಿಳಿಯುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಶೇಕಡಾವಾರು ವಿವಾದದಲ್ಲಿಯೇ ಇಲ್ಲ. ಆದ್ದರಿಂದ ಚಿಕಿತ್ಸೆಗೆ ಬೇಕಿದ್ದರೆ ಧಾರಾಳವಾಗಿ ತೋರಿಸಿರಿ, ಮೇಲ್ಮನವಿಗಾಗಿ ಎಂದು ಖರ್ಚು ಮಾಡಬೇಡಿರಿ.

ಇನ್ನೂ ಒಂದು ಗೊಂದಲವನ್ನು ನಾನು ಆಸ್ಪತ್ರೆಯಲ್ಲಿ ಅನೇಕ ಮಾಜಿ ಸೈನಿಕರಲ್ಲಿ ಕಂಡಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಕೊಡುವ ಯು.ಡಿ.ಐ.ಡಿ. ಎಂಬ ಅಂಗವೈಕಲ್ಯದ ಗುರುತಿನ ಕಾರ್ಡಿನ ಶೇಕಡಾವಾರು ಬೇರೆ, ಸೇನೆಯ ಬೋರ್ಡಿನದು ಬೇರೆ. ಅಲ್ಲಿ ಸವಲತ್ತುಗಳಿಗೆ ಸಾಮಾನ್ಯವಾಗಿ ಶೇ. 40 ಬೇಕು, ಅಳತೆಯ ಕ್ರಮವೂ ಭಿನ್ನ. ಮೊಣಕಾಲಿಗೆ ಆ ಕಾರ್ಡಿನಲ್ಲಿ ಶೇ. 10 ಎಂದು ಬಂದರೆ, ಅದನ್ನು ನೀವೇ ಮೇಲ್ಮನವಿಯ ಜೊತೆ ಲಗತ್ತಿಸಿ ನಿಮ್ಮ ಪ್ರಕರಣವನ್ನು ನೀವೇ ದುರ್ಬಲಗೊಳಿಸಿಕೊಂಡಂತೆ.

ರಕ್ತದೊತ್ತಡದ ಬಗ್ಗೆ ವೈದ್ಯನಾಗಿ ಹೇಳುವುದಾದರೆ, ಅದು ಪತ್ತೆಯಾದ ದಿನ ಮತ್ತು ಆರಂಭವಾದ ದಿನ ಒಂದೇ ಆಗಿರುವುದು ಅಪರೂಪ. ಲಕ್ಷಣವಿಲ್ಲದೆ ವರ್ಷಗಟ್ಟಲೆ ಇರುವ ತೊಂದರೆ ಅದು. ಕಾಶ್ಮೀರದಿಂದ ಬಂದ ಕೆಲವೇ ತಿಂಗಳಿಗೆ ಗೊತ್ತಾಯಿತೆಂದರೆ, ಅಲ್ಲಿದ್ದಾಗಿನ ವಾರ್ಷಿಕ ತಪಾಸಣೆಯ ಅಂಕಿಗಳನ್ನು ನೋಡಬೇಕು. 130 ಇದ್ದದ್ದು 138ಕ್ಕೆ, ಆಮೇಲೆ 144ಕ್ಕೆ ಏರಿದ ದಾಖಲೆ ಎಲ್ಲಿಯಾದರೂ ಇದ್ದರೆ ವಕೀಲರಿಗೆ ಅದು ತೀರ್ಪಿನಷ್ಟೇ ಉಪಯುಕ್ತ. ಮಾಹಿತಿ ಹಕ್ಕು ಅರ್ಜಿಯಲ್ಲಿ ವಾರ್ಷಿಕ ವೈದ್ಯಕೀಯ ತಪಾಸಣೆಯ ದಾಖಲೆಗಳನ್ನೂ ಸೇರಿಸಿರಿ. ಇದೆಲ್ಲದರ ನಡುವೆ ಮಾತ್ರೆ ತಪ್ಪಿಸಬಾರದೆಂದು ಅಣ್ಣನಿಗೆ ತಿಳಿಸಿರಿ. ಬೋರ್ಡು ಮತ್ತೆ ಕರೆದರೆ ಒತ್ತಡ ಹೆಚ್ಚು ಕಾಣಲಿ ಎಂದು ಮಾತ್ರೆ ಬಿಟ್ಟವರನ್ನು ನಾನು ಬಲ್ಲೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೇಲ್ಮನವಿಯ ಕರಡನ್ನು ಇವತ್ತೇ ಬರೆಯಲು ಕೂಡುತ್ತೇವೆ. ಅವರ ಎರಡು ಸಂದೇಹಗಳಿವೆ. ಇಂಜುರಿ ರಿಪೋರ್ಟು ನಾಶವಾಗಿದೆ ಎಂದು ಉತ್ತರ ಬಂದರೆ, ಅಂದು ಜೊತೆಗೆ ಆಡಿದವರ ಹೇಳಿಕೆ ನಡೆಯುತ್ತದೆಯೇ? ಮತ್ತು ಅವರು ಈಗ ಹಾವೇರಿಯಲ್ಲಿ ಬ್ಯಾಂಕೊಂದರ ಕಾವಲು ಕೆಲಸದಲ್ಲಿದ್ದಾರೆ. ಅಂಗವೈಕಲ್ಯ ಪೆನ್ಶನ್ ಕೇಳಿದರೆ ಆ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂಬ ಭಯವಿದೆ.

ಉತ್ತರ 4 (ವಕೀಲರು, ಹುಬ್ಬಳ್ಳಿ)

ಎರಡನೆಯದಕ್ಕೆ ಮೊದಲು ಉತ್ತರ: ನಿವೃತ್ತಿಯ ನಂತರ ನಾಗರಿಕ ಉದ್ಯೋಗ ಮಾಡುತ್ತಿರುವುದು ಡಿಸೆಬಿಲಿಟಿ ಎಲಿಮೆಂಟಿಗೆ ಅಡ್ಡಿಯಲ್ಲ. ಸೇನೆಯ ಬೋರ್ಡು ಅಳೆದದ್ದು ಸೇವೆಯ ಕಾಲದ ತೊಂದರೆಯನ್ನು. ಬ್ಯಾಂಕಿಗೆ ಸೇರುವಾಗ ಡಿಸ್ಚಾರ್ಜ್ ಪುಸ್ತಕ ತೋರಿಸಿಯೇ ಸೇರಿರುತ್ತಾರೆ, ಅದರಲ್ಲಿ ಮೆಡಿಕಲ್ ಕೆಟಗರಿ ಇದ್ದೇ ಇದೆ. ಮುಚ್ಚಿಟ್ಟದ್ದು ಏನೂ ಇಲ್ಲವಾದ್ದರಿಂದ ಹೆದರಬೇಕಾದ ಕಾರಣವಿಲ್ಲ.

ಸಹ ಸೈನಿಕರ ಹೇಳಿಕೆಯನ್ನು ಅಫಿಡವಿಟ್ ರೂಪದಲ್ಲಿ ನೋಟರಿ ಮುಂದೆ ಮಾಡಿಸಬಹುದು, ಆದರೆ ಅದೊಂದನ್ನೇ ಮುಂದಿಟ್ಟರೆ ಬಲ ಕಡಿಮೆ. ಡಿಸ್ಚಾರ್ಜ್ ಸ್ಲಿಪ್ಪಿನಲ್ಲಿ ‘ವಾಲಿಬಾಲ್ ಆಡುವಾಗ’ ಎಂಬ ಉಲ್ಲೇಖವಿದ್ದು, ಅದೇ ದಿನಾಂಕವನ್ನು ಇಬ್ಬರು ಸಹ ಆಟಗಾರರು ಹೇಳಿದರೆ ಎರಡೂ ಒಂದಕ್ಕೊಂದು ಆಧಾರವಾಗುತ್ತವೆ. ದಾಖಲೆ ನಾಶವಾಗಿದೆ ಎಂಬ ಉತ್ತರ ಬಂದರೆ ಅದನ್ನು ಲಿಖಿತವಾಗಿಯೇ ಪಡೆಯಿರಿ. ದಾಖಲೆ ಕಾಯ್ದಿರಿಸುವ ಹೊಣೆ ಇಲಾಖೆಯದ್ದಾಗಿರುವಾಗ, ಅದು ಕಳೆದುಹೋದ ನಷ್ಟವನ್ನು ಸೈನಿಕನ ಮೇಲೆ ಹೊರಿಸಲಾಗದು ಎಂಬ ವಾದಕ್ಕೆ ಆ ಪತ್ರವೇ ಆಧಾರ.

ಉತ್ತರ 5 (ಸೇವೆಯಲ್ಲಿರುವವರು, ಲಕ್ಷ್ಮೇಶ್ವರ)

ಇದನ್ನು ಓದುತ್ತಿರುವ, ಇನ್ನೂ ಸೇವೆಯಲ್ಲಿರುವ ಗೆಳೆಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮೇಲಿನ ಲೆಕ್ಕಗಳೆಲ್ಲ 2008ರ ನಿಯಮಗಳ ಅಡಿಯಲ್ಲಿ ಬರುವವರದ್ದು. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾಗುವವರಿಗೆ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಿವೆ. ಅವಧಿ ಪೂರೈಸಿ ಹೊರಬರುವವರ ಅಂಗವೈಕಲ್ಯದ ಭಾಗಕ್ಕೆ ಅಲ್ಲಿ ‘ಇಂಪೇರ್‌ಮೆಂಟ್ ರಿಲೀಫ್’ ಎಂದು ಹೆಸರಿದೆ, ವೈದ್ಯಾಧಿಕಾರಿಗಳ ಮಾರ್ಗದರ್ಶಿಯೂ ಹೊಸದು. ಹಳೆಯ ಶೇಕಡಾವಾರನ್ನು ನೋಡಿ ನಮಗೂ ಇಷ್ಟೇ ಬರುತ್ತದೆಂದು ಲೆಕ್ಕ ಹಾಕಬೇಡಿ. ಆಟದಲ್ಲಿಯೋ ಪಿ.ಟಿ.ಯಲ್ಲಿಯೋ ಪೆಟ್ಟಾದರೆ, ಐ.ಎ.ಎಫ್.ವೈ.-2006ರ ಒಂದು ಪ್ರತಿಯನ್ನು ಅದೇ ವಾರ ಮಾಡಿಸಿ ಊರಿಗೆ ಕಳಿಸಿಬಿಡಿ. ಯೂನಿಟ್ಟು ಸ್ಥಳ ಬದಲಿಸುವಾಗ ಪೆಟ್ಟಿಗೆಗಟ್ಟಲೆ ಕಾಗದ ಎಲ್ಲೆಲ್ಲಿಗೋ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.